ರಾಯಭಾರಿಯಾಗಲು ದೆಹಲಿಯ ಎಂ.ಎ. ಬೇಕೇ?

ಪ್ರಶ್ನೆ: ಮಗಳು ಶಿವಮೊಗ್ಗದಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಳೆ. ವಿದೇಶಾಂಗ ಸೇವೆ ಸೇರುವಾಸೆ. ಅದಕ್ಕೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ (ಜೆಎನ್‌ಯು) ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಮಾಡಲೇಬೇಕೆ? ಸೀಟು ಸಿಗುವುದು ಹೇಗೆ?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಮಾಡಲೇಬೇಕೆಂದಿಲ್ಲ. ವಿದೇಶಾಂಗ ಸೇವೆಗೆ ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆ ಪಾಸಾಗಬೇಕು. ಯಾವ ಪದವಿಯಾದರೂ ಸರಿ, 21 ವರ್ಷ ತುಂಬಿರಬೇಕು. ರಾಜತಾಂತ್ರಿಕ ತರಬೇತಿಯನ್ನು ಆಯ್ಕೆಯಾದ ಮೇಲೆ ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ಕೊಡುತ್ತಾರೆ.

ಮುಖ್ಯ ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು, ಸಂದರ್ಶನಕ್ಕೂ ಕನ್ನಡ ಆರಿಸಿಕೊಳ್ಳಬಹುದು. ತೊಡಕಿರುವುದು ಬೇರೆಡೆ. ಮೊದಲ ಹಂತದ ಪ್ರಿಲಿಮ್ಸ್ ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತವೆ. ಮುಖ್ಯ ಪರೀಕ್ಷೆಯಲ್ಲಿ 300 ಅಂಕದ ಇಂಗ್ಲಿಷ್ ಪತ್ರಿಕೆಯಿದೆ. ಅದರಲ್ಲಿ ಶೇ 25 ಬಾರದಿದ್ದರೆ ಉಳಿದ ಅಂಕಗಳು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಮಗಳು ಇವತ್ತಿನಿಂದಲೇ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿ, ಅದರ ಸಾರವನ್ನು ಇಂಗ್ಲಿಷಿನಲ್ಲೇ ಬರೆಯಲಿ.

ಹಾಗಂತ ಎಂ.ಎ. ವ್ಯರ್ಥವಲ್ಲ. ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡರೆ ಮುಖ್ಯ ಪರೀಕ್ಷೆಯ 1750ರಲ್ಲಿ 500 ಅಂಕ ಅದರದ್ದೇ. ಯುಪಿಎಸ್‌ಸಿ ಕೈಕೊಟ್ಟರೂ ಅಧ್ಯಾಪನ, ಸಂಶೋಧನೆಯ ದಾರಿ ಉಳಿದಿರುತ್ತದೆ.

ಜೆಎನ್‌ಯುನ ಅಂತರರಾಷ್ಟ್ರೀಯ ಅಧ್ಯಯನ ಶಾಲೆ 1955ರಲ್ಲಿ ಪ್ರತ್ಯೇಕ ಸಂಸ್ಥೆಯಾಗಿ ಹುಟ್ಟಿದ್ದು, 1970ರಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿತು. ಪ್ರವೇಶಕ್ಕೆ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆಯಬೇಕು: 75 ಪ್ರಶ್ನೆ, ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಕಡಿತ. ಗೊತ್ತಿಲ್ಲದ್ದನ್ನು ಸುಮ್ಮನೆ ಗುರುತು ಹಾಕಿ ಬರಬಾರದು. ಅರ್ಜಿ ತುಂಬುವ ಮೊದಲು ಆ ಕೋರ್ಸಿಗೆ ಯಾವ ವಿಷಯದ ಪತ್ರಿಕೆ ಬೇಕೆಂದು ಕೈಪಿಡಿಯಲ್ಲಿ ನೋಡಿ. ಬೇರೆ ಪತ್ರಿಕೆ ಬರೆದರೆ ಎಷ್ಟು ಅಂಕ ಬಂದರೂ ಉಪಯೋಗವಿಲ್ಲ. ಅಂಕ ಬಂದ ಮೇಲೆ ಜೆಎನ್‌ಯು ಜಾಲತಾಣದಲ್ಲಿ ಮತ್ತೊಂದು ಅರ್ಜಿ ಹಾಕಬೇಕು. ಪರೀಕ್ಷೆಯೇ ಅರ್ಜಿ ಎಂದು ತಿಳಿದು ಕುಳಿತವರಿಗೆ ಸೀಟು ತಪ್ಪುವುದು ಇಲ್ಲೇ. ಕೊನೆಯ ಸೆಮಿಸ್ಟರಿನ ಫಲಿತಾಂಶ ತಡವಾಗುವಂತಿದ್ದರೆ ಫಲಿತಾಂಶ ಇನ್ನೂ ಬರಬೇಕಿದೆ ಎಂದು ಕಾಲೇಜಿನಿಂದ ಪತ್ರ ಪಡೆದಿಟ್ಟುಕೊಳ್ಳಿ.

ಮುಂದೆ ಅಂತರರಾಷ್ಟ್ರೀಯ ಸಂಬಂಧಗಳನ್ನು ಓದಲು ಜಿನೀವಾ ಅಥವಾ ಅಮೆರಿಕದ ಫ್ಲೆಚರ್ ಶಾಲೆಯಂಥ ಕಡೆ ಅರ್ಜಿ ಹಾಕುವುದಾದರೆ, ಏಕೆ ಓದಬೇಕೆಂದು ವಿವರಿಸುವ ಉದ್ದೇಶಪತ್ರವೊಂದನ್ನು ಬರೆಯಬೇಕಾಗುತ್ತದೆ. 'ದೇಶಸೇವೆ ನನ್ನ ಕನಸು' ಎಂದು ಎಲ್ಲರೂ ಬರೆಯುತ್ತಾರೆ. ನಿಮ್ಮ ಮಗಳಿಗೆ ವಿಷಯ ತೋಟದಲ್ಲೇ ಇದೆ: 2023ರಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು (ಇದಕ್ಕಿಂತ ಅಗ್ಗದ ಅಡಿಕೆಯನ್ನು ಹೊರದೇಶದಿಂದ ತರಿಸುವಂತಿಲ್ಲ) ಕೇಂದ್ರ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು, ಅದಕ್ಕೂ ಮುಂಚೆ, 2022ರಲ್ಲಿ, ಭೂತಾನಿನ 17,000 ಟನ್ ಹಸಿ ಅಡಿಕೆಗೆ ಆ ಬೆಲೆಯ ಷರತ್ತಿಲ್ಲದೆ ಆಮದಿಗೆ ಅವಕಾಶ ಕೊಟ್ಟಿತ್ತು. ನೆರೆಯ ದೇಶದ ಸ್ನೇಹ, ಮಲೆನಾಡಿನ ರೈತನ ಬೆಲೆ, ಇವೆರಡನ್ನೂ ಸರ್ಕಾರ ಹೇಗೆ ತೂಗುತ್ತದೆ ಎಂಬುದೊಂದನ್ನೇ ಹಿಡಿದು ಎರಡು ಪುಟ ಬರೆಯಲಿ.