ಮೈತುಂಬ ಸುಟ್ಟವರಿಗೆ ಗಾಯದ ಮದ್ದಿಗಿಂತ ಮೊದಲು ಡ್ರಿಪ್ ಯಾಕೆ?

ದೊಡ್ಡ ಸುಟ್ಟಗಾಯದಲ್ಲಿ ಮೊದಲ ದಿನ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ನೀರಿನ ನಷ್ಟ. ರಕ್ತನಾಳಗಳು ಸೋರಿ ದ್ರವವೆಲ್ಲ ಊತವಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಕಿಡ್ನಿ ಸೋಲುತ್ತದೆ. ಹೊಗೆ ಕುಡಿದಿದ್ದರೆ ಮಾತ್ರ ಡ್ರಿಪ್‌ಗಿಂತಲೂ ಉಸಿರಿನ ದಾರಿಯೇ ಮುಖ್ಯ. ಗಂಟಲು ಊದುವ ಮೊದಲೇ ಟ್ಯೂಬ್ ಹಾಕಬೇಕಾಗಬಹುದು.

ನಮ್ಮಲ್ಲಿ 'ಗ್ಲೂಕೋಸ್ ಹಾಕಿದ್ರು' ಅಂತಾರೆ. ಆದರೆ ದೊಡ್ಡವರಿಗೆ ಸಾಮಾನ್ಯವಾಗಿ ಕೊಡುವುದು ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ. ಪಾರ್ಕ್‌ಲ್ಯಾಂಡ್ ಲೆಕ್ಕದಲ್ಲಿ (ಎಷ್ಟು ಡ್ರಿಪ್ ಬೇಕೆಂದು ಅಂದಾಜಿಸುವ ಸೂತ್ರ) 4 ಮಿ.ಲೀ. × ಕೆ.ಜಿ.ಯಲ್ಲಿ ತೂಕ × ಮೈಯಲ್ಲಿ ಸುಟ್ಟ ಭಾಗದ ಶೇಕಡಾ. 60 ಕೆ.ಜಿ.ಯವರಿಗೆ 40% ಸುಟ್ಟಿದ್ದರೆ 24 ಗಂಟೆಗೆ 9.6 ಲೀಟರ್! ಅದರಲ್ಲಿ ಅರ್ಧ ಮೊದಲ 8 ಗಂಟೆಯೊಳಗೆ ಹೋಗಬೇಕು. ಈ ಗಂಟೆಗಳನ್ನು ಎಣಿಸುವುದು ಸುಟ್ಟ ಕ್ಷಣದಿಂದ. ಬೈಂದೂರಿನಿಂದ ಮಣಿಪಾಲ ತಲುಪಲು 2 ಗಂಟೆ ಹೋಯಿತೆನ್ನಿ, ಆ 4.8 ಲೀಟರಿಗೆ ಉಳಿದದ್ದು 6 ಗಂಟೆ ಮಾತ್ರ. ಹಾಗಾಗಿ ಸುಟ್ಟ ಸಮಯವನ್ನು ಡಾಕ್ಟರಿಗೆ ಸರಿಯಾಗಿ ಹೇಳಿ.

ಈ ಸೂತ್ರ ಆರಂಭಕ್ಕಷ್ಟೆ. ಆಮೇಲೆ ಗಂಟೆಗಂಟೆಗೆ ಮೂತ್ರ ಅಳೆದು ಡ್ರಿಪ್ ಏರಿಸುತ್ತಾರೆ, ಇಳಿಸುತ್ತಾರೆ. ಅತಿಯಾದರೂ ಶ್ವಾಸಕೋಶಕ್ಕೆ ತೊಂದರೆ. ಸತ್ತ ಚರ್ಮ ತೆಗೆದು ಕಸಿ ಮಾಡುವ ಕೆಲಸ ಇದೆಲ್ಲ ಹತೋಟಿಗೆ ಬಂದ ಮೇಲೆ.

ಮನೆಯಲ್ಲಿ ತೆಂಗಿನೆಣ್ಣೆ, ಪೇಸ್ಟ್ ಬಳಿಯಬೇಡಿ, ದಯವಿಟ್ಟು.