ಗಣಿತ ಬಾರದವರು ಕ್ವಾಂಟಿಟೇಟಿವ್ ರೀಸನಿಂಗ್ ತಗೋಬಹುದಾ? ಗಣಿತ ಬಂದೂ ಮಾರ್ಕ್ಸ್ ಕಳಕೊಂಡವನ ಉತ್ತರ

ಎಸ್ಸೆಸ್ಸೆಲ್ಸಿ ಗಣಿತದಲ್ಲಿ 41, ಈಗ ಶಿವಮೊಗ್ಗದಲ್ಲಿ ಬಿ.ಎ., ಕ್ವಾಂಟಿಟೇಟಿವ್ ರೀಸನಿಂಗ್ (ಅಂಕಿಅಂಶ ಇಟ್ಟುಕೊಂಡು ಯೋಚಿಸೋ ಕೋರ್ಸು) ತಗೊಂಡ್ರೆ ಫೇಲ್ ಆಗ್ತೀನಾ, ಮಾರ್ಕ್ಸ್ ಹೇಗೆ ಕೊಡ್ತಾರೆ ಅಂತ ಕೇಳಿದ್ದೀರಿ. ನಿಮ್ಮ ಭಯವೇ ತಲೆಕೆಳಗಾಗಿದೆ. ನಮ್ಮ ಕ್ಲಾಸಲ್ಲಿ ಆ ಕೋರ್ಸಿನ ಏಟು ತಿಂದವನು ಗಣಿತ ಬರುತ್ತೆ ಅಂತ ಮೆರೀತಿದ್ದ ನಾನು.

ನಾನು ಸಾಗರದ ಕಡೆಯವನು. ಪಿಯುಸಿಯಲ್ಲಿ ಸೈನ್ಸ್ ಓದಿ, ಮನೆಯವರ ಹತ್ತಿರ ಜಗಳ ಆಡಿ ಬಿ.ಎ.ಗೆ ಬಂದವನು. ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ರಾಜ್ಯದಲ್ಲಿ 2021-22ರಲ್ಲಿ ಶುರುವಾಯಿತಲ್ಲ, ಆ ಕಾಲದ ಬ್ಯಾಚ್ ನಮ್ಮದು. ಆರ್ಟ್ಸ್ ಓದುವವರೂ ಬೇರೆ ವಿಭಾಗದ ಒಂದು ವಿಷಯ ಆರಿಸಿಕೊಳ್ಳಬೇಕಿತ್ತು. ಪಟ್ಟಿಯಲ್ಲಿ ಇದರ ಹೆಸರು ನೋಡಿದ್ದೇ, ಶೇಕಡಾ, ಬಡ್ಡಿ, ಸರಾಸರಿ, ಗ್ರಾಫ್ ಓದೋದು, ಇಷ್ಟೇ ತಾನೇ ಅಂತ ನಕ್ಕು ಸೇರಿದೆ. ಮೂರು ಕ್ರೆಡಿಟ್ ಪುಗಸಟ್ಟೆ ಸಿಕ್ಕಿತು ಅಂದುಕೊಂಡಿದ್ದೆ.

ಮಾರ್ಕ್ಸ್ ಹಂಚಿಕೆ ನಮಗೆ ಹೀಗಿತ್ತು: ಸೆಮಿಸ್ಟರ್ ಪರೀಕ್ಷೆಗೆ 60, ಇಂಟರ್ನಲ್ 40. ಆ 40ರಲ್ಲಿ ಎರಡು ಟೆಸ್ಟಿಗೆ ಹತ್ತು ಹತ್ತು, ಉಳಿದ 20 ಒಂದು ಪ್ರಾಜೆಕ್ಟಿಗೆ. ಟೆಸ್ಟುಗಳು ನನಗೆ ನೀರು ಕುಡಿದ ಹಾಗೆ ಆದವು. ಪ್ರಾಜೆಕ್ಟು ಏನಪ್ಪಾ ಅಂದ್ರೆ, ನಿಮ್ಮ ಊರಿಗೆ ಸಂಬಂಧಪಟ್ಟ ಅಂಕಿಅಂಶ ತಗೊಂಡು ಅದು ಏನು ಹೇಳುತ್ತೆ ಅಂತ ನಾಲ್ಕು ಪುಟದಲ್ಲಿ ಬರೆಯೋದು.

ನಾನು ಶರಾವತಿಯ ಲಿಂಗನಮಕ್ಕಿ ಜಲಾಶಯ ತಗೊಂಡೆ, ಕರೆಂಟಿಗೆ ಬಳಸೋ ನೀರು ಅದರದ್ದು. ಮಳೆಗಾಲದಲ್ಲಿ ಪೇಪರಲ್ಲಿ ಜಲಾಶಯಗಳ ನೀರಿನ ಮಟ್ಟ ಅಂತ ಒಂದು ಪುಟ್ಟ ಪಟ್ಟಿ ಬರುತ್ತಲ್ವಾ? ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ. ನಾನು ತಗೊಂಡ ಒಂದು ದಿನದ ಮಟ್ಟ 1,800 ಅಡಿ. 1,800ನ್ನು 1,819ರಿಂದ ಭಾಗಿಸಿ ನೂರರಿಂದ ಗುಣಿಸಿದೆ. 98.96. ಜಲಾಶಯ ಶೇ 98.96ರಷ್ಟು ತುಂಬಿದೆ ಅಂತ ಬರೆದೆ. ಪಕ್ಕದಲ್ಲೇ ಭದ್ರಾ ಇತ್ತು. ಅದರ ಗರಿಷ್ಠ 186 ಅಡಿ, ಅವತ್ತಿನ ಮಟ್ಟ 150. ಶೇ 80.65. ಎರಡನ್ನೂ ಹೋಲಿಸಿ, ಭದ್ರಾಕ್ಕಿಂತ ಶರಾವತಿ ಕಣಿವೆಯ ಸ್ಥಿತಿ ಭಾರೀ ಚೆನ್ನಾಗಿದೆ, ಕರೆಂಟಿಗೆ ಚಿಂತೆ ಇಲ್ಲ ಅಂತ ತೀರ್ಪು ಕೊಟ್ಟೆ. ಬಣ್ಣದ ಗ್ರಾಫ್ ಬೇರೆ ಹಾಕಿದ್ದೆ. ಅದರಲ್ಲಿ ಲಿಂಗನಮಕ್ಕಿಯ ಗೆರೆ ವರ್ಷವಿಡೀ 97ಕ್ಕೂ 100ಕ್ಕೂ ನಡುವೆ ಚಾಪೆ ಹಾಸಿದ ಹಾಗೆ ಮಲಗಿತ್ತು. ಅದನ್ನು ನೋಡಿಯಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ.

ಲೆಕ್ಚರರ್ ಕೆಂಪು ಪೆನ್ನಲ್ಲಿ ಆ ಗೆರೆಯ ಕೆಳಗೆ ಒಂದೇ ಸಾಲು ಬರೆದಿದ್ದರು: 'ಹಾಗಾದರೆ ಬೇಸಿಗೆಯಲ್ಲಿ ಹಿರೇಭಾಸ್ಕರ ಡ್ಯಾಮ್ ಹೇಗೆ ಕಾಣುತ್ತೆ?'

ನಮ್ಮ ಕಡೆಯವರಿಗೆ ಗೊತ್ತಿರುತ್ತೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ, ಅದಕ್ಕಿಂತ ಮೊದಲೇ ಇದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ ಅದರ ಹಿನ್ನೀರಲ್ಲೇ ಮುಳುಗಿತು. ನೀರು ಚೆನ್ನಾಗಿ ಇಳಿದ ವರ್ಷ ಅದು ಪೂರ್ತಿ ಮೇಲೆ ಬರುತ್ತೆ, ಜನ ಹೋಗಿ ಫೋಟೋ ತೆಗೆಸ್ಕೊಂಡು ಬರ್ತಾರೆ. ನಮ್ಮದೇ ಮುಳುಗಡೆ ಕುಟುಂಬ. ಆ ಕಟ್ಟೆಯ ಮೇಲೆ ನಾನೇ ನಡೆದಿದ್ದೇನೆ. ನನ್ನ ಸೂತ್ರದ ಪ್ರಕಾರ ನೀರಿನ ಮಟ್ಟ 1,760 ಅಡಿಗೆ ಇಳಿದರೂ ಜಲಾಶಯ ಸುಮಾರು ಶೇ 97ರಷ್ಟು ತುಂಬಿರಬೇಕು!

ತಪ್ಪು ಎಲ್ಲಿ ಅಂತ ಸ್ವಲ್ಪ ಜಾಸ್ತಿಯೇ ಹೇಳ್ತೀನಿ, ಯಾಕಂದ್ರೆ ಇಡೀ ಕೋರ್ಸು ಇದರಲ್ಲೇ ಇದೆ. ಆ 1,819 ಅಡಿ ಸಮುದ್ರ ಮಟ್ಟದಿಂದ ಅಳೆದದ್ದು, ಜಲಾಶಯದ ತಳದಿಂದ ಅಲ್ಲ. ಲಿಂಗನಮಕ್ಕಿ ಕಟ್ಟೆಯ ಎತ್ತರವೇ ಸುಮಾರು 200 ಅಡಿ. ಜೋಗದ ಗುಂಡಿ 830 ಅಡಿ. ತಳದಿಂದಲೇ 1,819 ಅಡಿ ಅಂದ್ರೆ ಜೋಗದ ಎರಡರಷ್ಟಕ್ಕೂ ಎತ್ತರ, ಅಂಥ ಅಣೆಕಟ್ಟೆ ಜಗತ್ತಲ್ಲಿ ಎಲ್ಲೂ ಇಲ್ಲ. ಅದೇ ಪಟ್ಟಿಯ ಭದ್ರಾದ 186 ಅಡಿ ಮಾತ್ರ ಅಲ್ಲಿನ ತಳದ ಲೆಕ್ಕ. ಗಾಜನೂರಿನ ತುಂಗಾಕ್ಕೆ ಬಂದರೆ 588.24 ಮೀಟರ್, ಅದು ಮತ್ತೆ ಸಮುದ್ರ ಮಟ್ಟದ್ದು. ಒಂದೇ ಪಟ್ಟಿ, ಸೊನ್ನೆ ಮಾತ್ರ ಬೇರೆ ಬೇರೆ ಕಡೆ. ನಾನು ಸೊನ್ನೆ ಎಲ್ಲಿದೆ ಅಂತ ಕೇಳದೇ ಶೇಕಡಾ ತೆಗೆದೆ.

ಅಲ್ಲಿಗೇ ಮುಗಿಯಲಿಲ್ಲ. ತಳದಿಂದ ಅಳೆದಿದ್ದರೂ ಅಡಿಯ ಶೇಕಡಾ ಅಂದ್ರೆ ನೀರಿನ ಶೇಕಡಾ ಅಲ್ಲ. ಜಲಾಶಯ ಮೇಲೆ ಹೋದ ಹಾಗೆ ಅಗಲ ಆಗುತ್ತೆ. ಹಾಗಾಗಿ ಭದ್ರಾದ 80 ಕೂಡ ತಪ್ಪೇ. ಲಿಂಗನಮಕ್ಕಿ ತುಂಬಿದಾಗ ನೀರು ಹರಡೋದು ಸುಮಾರು 300 ಚದರ ಕಿಲೋಮೀಟರ್. ಮೇಲಿನ 19 ಅಡಿ ಅಂದ್ರೆ 5.8 ಮೀಟರ್. ಗುಣಿಸಿ ನೋಡಿ, 60 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ) ಹತ್ತಿರ ಬರುತ್ತೆ. ಕೆಳಗೆ ಅಗಲ ಕಮ್ಮಿ, ಅದಕ್ಕೆ ಸ್ವಲ್ಪ ಇಳಿಸಿದರೂ ಒಟ್ಟು 151 ಟಿಎಂಸಿಯಲ್ಲಿ ಮೂರನೇ ಒಂದು ಭಾಗದ ಆಸುಪಾಸು ಆ 19 ಅಡಿಯಲ್ಲೇ ಇದೆ. ನಾನು ಅದನ್ನು ಶೇ 1 ಅಂತ ಬರೆದಿದ್ದೆ. ಈ ಅಂದಾಜು ಹಾಕೋಕೆ ಪಿಯುಸಿ ಗಣಿತ ಬೇಡ, ಏಳನೇ ಕ್ಲಾಸಿನದ್ದು ಸಾಕು.

ಈಗ ಮಾರ್ಕ್ಸ್ ನೋಡಿ. ಪ್ರಾಜೆಕ್ಟಿನ 20ರಲ್ಲಿ ಅಂಕಿಅಂಶ ಹುಡುಕಿ ಮೂಲ ಬರೆದಿದ್ದಕ್ಕೆ 4, ಲೆಕ್ಕಕ್ಕೆ 4, ಯಾವುದಕ್ಕೆ ಯಾವುದನ್ನು ಹೋಲಿಸಬೇಕು ಅನ್ನೋ ಆಯ್ಕೆಗೆ 6, ವಿವರಣೆಗೆ 6. ನನಗೆ ಮೊದಲ ಎರಡರಲ್ಲೂ ಪೂರ್ತಿ ಬಂತು. ಭಾಗಾಕಾರ ಸರಿಯಿತ್ತಲ್ಲ! ಮೂರನೆಯದರಲ್ಲಿ ಸೊನ್ನೆ, ವಿವರಣೆಗೆ ಕರುಣೆಯಿಂದ ಒಂದು. ಒಟ್ಟು 9. ನಮ್ಮ ಕ್ಲಾಸಲ್ಲಿ ಸೊರಬದ ಒಬ್ಬ ಹುಡುಗನಿದ್ದ, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಿಮಗಿಂತ ಕಮ್ಮಿ ತೆಗೆದವನು. ಅವನು ಅಡಿಕೆ ರೇಟು ತಗೊಂಡ. ಕ್ವಿಂಟಾಲಿಗೆ 50,000 ಇದ್ದ ರಾಶಿ ಅಡಿಕೆ ಶೇ 20 ಬಿದ್ದು ಮತ್ತೆ ಶೇ 20 ಏರಿದರೆ 48,000 ಆಗುತ್ತೆ, 50,000 ಅಲ್ಲ. ಬೀಳುವಾಗಿನ 20 ದೊಡ್ಡ ಮೊತ್ತದ ಮೇಲೆ, ಏರುವಾಗಿನ 20 ಸಣ್ಣ ಮೊತ್ತದ ಮೇಲೆ ಅಂತ ಬಿಡಿಸಿ ಬರೆದ. ಇಷ್ಟೇ. ಅವನಿಗೆ 17.

ನನಗೆ ನಾಲ್ಕು ಮಾರ್ಕ್ಸಿಗೆ ಎ ಗ್ರೇಡ್ ತಪ್ಪಿ ಬಿ ಪ್ಲಸ್ ಬಂತು. ಗ್ರೇಡ್ ಪಾಯಿಂಟ್ 8ರ ಬದಲು 7. ಮೂರು ಕ್ರೆಡಿಟ್ ಅಂದ್ರೆ ಮೂರು ಪಾಯಿಂಟ್ ಹೋಯಿತು, ಸೆಮಿಸ್ಟರಿನ 25 ಕ್ರೆಡಿಟ್‌ಗೆ ಹಂಚಿದರೆ 0.12. ಸುಮ್ನೆ ನೋಡಿದರೆ ಏನೂ ಅಲ್ಲ. ಆದರೆ ಒಂದು ಟ್ರಸ್ಟಿನವರು ಎಸ್‌ಜಿಪಿಎ, ಅಂದ್ರೆ ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್, 8 ದಾಟಿದವರಿಗೆ ಫೀಸು ಕಟ್ಟುತ್ತಿದ್ದರು. ನನ್ನದು 7.92ಕ್ಕೆ ನಿಂತಿತು. ಆ ಎ ಬಂದಿದ್ದರೆ 8.04. ನಮ್ಮ ಮಾವ '7.92 ಅಂದ್ರೆ 8 ಅಂತಲೇ ಅಲ್ವಾ, ಕೇಳಿ ನೋಡು' ಅಂದರು. ಕೇಳಿದೆ. ಅಲ್ಲವಂತೆ.

ಹಾಗಾಗಿ 'ಗಣಿತ ಬರಲ್ಲ, ಬಿಟ್ಟುಬಿಡಲಾ' ಅನ್ನೋ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಬಿಡಬೇಡಿ. ಬೇರೆ ಎಲೆಕ್ಟಿವ್ ಸುಲಭ ಇದೆಯಾ ಅಂತಲೂ ಕೇಳಿದ್ದೀರಿ. ಇರಬಹುದು, ನಾನು ಅದರ ತೂಕ ಹಾಕೋಕೆ ಹೋಗಲ್ಲ. 41 ತಗೊಂಡವರಿಗೆ ಇಲ್ಲಿ ಒಂದು ಲಾಭ ಇದೆ. ಅನುಮಾನದಿಂದಲೇ ಲೆಕ್ಕ ಮಾಡ್ತೀರಿ, ಹಂತ ಹಂತವಾಗಿ ಬರೀತೀರಿ. ಪರೀಕ್ಷೆಯಲ್ಲೂ ಅಷ್ಟೇ. ಬರೀ ಉತ್ತರ ಬರೆದು ಗೆರೆ ಎಳೆಯೋ ಚಾಳಿ ನನ್ನಂಥವರದ್ದು. ಐದು ಮಾರ್ಕ್ಸಿನ ಪ್ರಶ್ನೆಯಲ್ಲಿ ಆ ಸಂಖ್ಯೆಗೆ ಒಂದೋ ಎರಡೋ, ಉಳಿದಿದ್ದು ದಾರಿಗೆ ಮತ್ತು ಆ ಸಂಖ್ಯೆ ಏನು ಹೇಳುತ್ತೆ ಅನ್ನೋ ಕೊನೆಯ ವಾಕ್ಯಕ್ಕೆ. ಕೊನೆಯ ವಾಕ್ಯ ಕನ್ನಡ ಮೀಡಿಯಂ ಭಾಷೆಯಲ್ಲೇ ಇರಲಿ, ಆದರೆ ಇರಲಿ. ಶೇ 40ರಿಂದ 50ಕ್ಕೆ ಹೋದರೆ ಅದು 10 ಪರ್ಸೆಂಟೇಜ್ ಪಾಯಿಂಟ್ ಏರಿಕೆ, ಆದರೆ ಮೊದಲಿದ್ದದ್ದಕ್ಕಿಂತ ಶೇ 25 ಜಾಸ್ತಿ. ಇಂಥದ್ದನ್ನು ಕೇಳಿಯೇ ಕೇಳ್ತಾರೆ.

ಫಾರ್ಮುಲಾ ಬಾಯಿಪಾಠ ಮಾಡಿಸೋ ಟ್ಯೂಷನ್‌ಗೆ ದುಡ್ಡು ಹಾಕಬೇಡಿ. ದಂಡ.

2024-25ರಿಂದ ಡಿಗ್ರಿ ಪದ್ಧತಿ ಬದಲಾಗಿದೆ, ನಮ್ಮ 60-40 ನಿಮಗಿಲ್ಲದೇ ಇರಬಹುದು. ಸಿಲೆಬಸ್ ಪ್ರತಿ ಇಸ್ಕೊಂಡು ನೋಡಿ. ಪ್ರಾಜೆಕ್ಟ್ ಇದ್ದರೆ ಮಾರ್ಕ್ಸ್ ಹಂಚಿಕೆಯ ಹಾಳೆಯನ್ನು ಮೊದಲೇ ಕೇಳಿ, ನಾನು ಕೇಳಿದ್ದು ಮಾರ್ಕ್ಸ್ ಬಂದ ಮೇಲೆ. ವಿಷಯ ಹೊಳೆಯದಿದ್ದರೆ ಮಳೆ ತಗೊಳ್ಳಿ, ನೀವು ತೀರ್ಥಹಳ್ಳಿಯವರು ಅಂತ ಬೇರೆ ಹೇಳಿದ್ದೀರಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೆ ಬೀಳುತ್ತೆ, ಅದೇ ಜಿಲ್ಲೆಯ ಶಿಕಾರಿಪುರ ಕಡೆ ಅದರ ಕಾಲು ಭಾಗವೂ ಇಲ್ಲ. ಜಿಲ್ಲೆಯ ಸರಾಸರಿ ಮಳೆ ಅನ್ನೋ ಸಂಖ್ಯೆ ಯಾರ ಮನೆಯ ಅಂಗಳದಲ್ಲಿ ಬಿದ್ದಿದ್ದು ಅಂತ ಕೇಳಿಕೊಂಡು ಬರೆಯಿರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ಹತ್ತಿರ ಹೋಬಳಿವಾರು ಮಳೆಯ ಅಂಕಿ ಇರುತ್ತೆ, ತಾಲ್ಲೂಕು ಲೆಕ್ಕ ನಂಬಿ ಕೂರಬೇಡಿ.