ಇಂಗ್ಲೆಂಡಿನ ಕೆಳಗಿನ ಫುಟ್‌ಬಾಲ್ ಲೀಗ್‌ಗಳಲ್ಲಿ ಆಡುವ ಮಿಡ್‌ಫೀಲ್ಡರ್‌ನ (ಮೈದಾನದ ಮಧ್ಯಭಾಗದ ಆಟಗಾರನ) ವೃತ್ತಿಜೀವನ ಹೇಗಿರುತ್ತದೆ?

ಅಂಥ ಒಬ್ಬ ಮಿಡ್‌ಫೀಲ್ಡರ್ ಮ್ಯಾಟ್ ಬ್ಲೂಮ್‌ಫೀಲ್ಡ್ ಅವರ ಉದಾಹರಣೆ ಕೊಡುತ್ತೇನೆ, ಆದರೆ ಅವರದು ಅಪರೂಪದ ಕಥೆ. ಈ ಹಂತದಲ್ಲಿ ಹೆಚ್ಚಿನವರಿಗೆ ಸಿಗುವುದು ಒಂದೆರಡು ವರ್ಷದ ಒಪ್ಪಂದ. ಅದು ಮುಗಿದರೆ ಹೊಸ ಕ್ಲಬ್, ಹೊಸ ಊರು, ಮತ್ತೆ ಬಾಡಿಗೆ ಮನೆ.

ಅತಿ ಮೇಲಿನ ಹಂತವಾದ ಪ್ರೀಮಿಯರ್ ಲೀಗ್‌ನ ಕೆಳಗೆ ಕ್ರಮವಾಗಿ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಇವೆ. ಒಂದೊಂದರಲ್ಲೂ 24 ತಂಡ, ಒಂದು ಋತುವಿನಲ್ಲಿ ಪ್ರತಿ ತಂಡಕ್ಕೆ ಲೀಗ್ ಪಂದ್ಯಗಳೇ 46. ಚಳಿಗಾಲದ ಕೆಸರು ಮೈದಾನದಲ್ಲಿ, ಮಂಗಳವಾರ ರಾತ್ರಿ, ದೂರದ ಊರಿನಲ್ಲಿ ಆಡಬೇಕು. ಮಿಡ್‌ಫೀಲ್ಡರ್‌ಗೆ ಅಂದದ ಪಾಸ್‌ಗಿಂತ ಓಡುವ ಶಕ್ತಿ, ಚೆಂಡು ಕಸಿಯುವ ಛಲವೇ ಜಾಸ್ತಿ ಬೇಕು.

ಬ್ಲೂಮ್‌ಫೀಲ್ಡ್ ಇಪ್ಸ್‌ವಿಚ್ ಟೌನ್ ಕ್ಲಬ್‌ನಲ್ಲಿ ಬೆಳೆದವರು. ಅಲ್ಲಿ ಮೊದಲ ತಂಡದಲ್ಲಿ ಜಾಗ ಸಿಗಲಿಲ್ಲ. 2003ರ ಕೊನೆಗೆ ವೈಕೂಂಬ್ ವಾಂಡರರ್ಸ್ ಸೇರಿದರು, 2022ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಉಳಿದರು. ಅಷ್ಟರಲ್ಲಿ ಆಡಿದ್ದು 500ಕ್ಕೂ ಹೆಚ್ಚು ಪಂದ್ಯ! ಕ್ಲಬ್ ಮಾತ್ರ ಮೇಲೆ ಕೆಳಗೆ ಓಲಾಡುತ್ತಲೇ ಇತ್ತು. 2014ರಲ್ಲಿ ಲೀಗ್ ಟೂನಿಂದಲೇ ಹೊರಬೀಳುವ ಸ್ಥಿತಿ. ಕೊನೆಯ ದಿನ ಟಾರ್ಕೀಯಲ್ಲಿ 3-0 ಗೆದ್ದು, ಗೋಲು ವ್ಯತ್ಯಾಸದ (ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ಅಂತರದ) ಮೇಲೆ ಉಳಿಯಿತು. ಆರು ವರ್ಷಗಳ ನಂತರ, ಲೀಗ್ ಒನ್‌ನಿಂದ ಮೇಲೇರುವವರನ್ನು ನಿರ್ಧರಿಸುವ ಫೈನಲ್‌ನಲ್ಲಿ ಆಕ್ಸ್‌ಫರ್ಡ್ ಯುನೈಟೆಡ್ ತಂಡವನ್ನು 2-1ರಿಂದ ಸೋಲಿಸಿ, ಕ್ಲಬ್‌ನ ಇತಿಹಾಸದಲ್ಲೇ ಮೊದಲ ಸಲ ಚಾಂಪಿಯನ್‌ಶಿಪ್‌ಗೆ ಏರಿತು. ಕೋವಿಡ್ ಕಾಲ, ಆ ಪಂದ್ಯ ನಡೆದ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಪ್ರೇಕ್ಷಕರೇ ಇರಲಿಲ್ಲ. ಎಂಥ ದುರದೃಷ್ಟ ಅಲ್ವಾ?

ಅವರ ಆಟ ನಿಂತದ್ದು ತಲೆಗೆ ಬಿದ್ದ ಪೆಟ್ಟಿನಿಂದ. ಪ್ರೀಮಿಯರ್ ಲೀಗ್ ತಾರೆಯರಂತೆ ಕೂಡಿಟ್ಟ ಕೋಟಿಗಳ ಮೇಲೆ ಕೂತು ತಿನ್ನುವ ಭಾಗ್ಯ ಈ ಹಂತದವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಹಲವರು ಆಡುತ್ತಿರುವಾಗಲೇ ಕೋಚಿಂಗ್ ಕಲಿಯುತ್ತಾರೆ. ಬ್ಲೂಮ್‌ಫೀಲ್ಡ್ ಕೂಡ ತರಬೇತುದಾರರಾದರು: ಮೊದಲು ಕೋಲ್ಚೆಸ್ಟರ್, 2023ರಲ್ಲಿ ಅದೇ ವೈಕೂಂಬ್, 2025ರಲ್ಲಿ ಲೂಟನ್ ಟೌನ್.